ಸತ್ತ ವೈರಸ್ಸಿನ ಲಸಿಕೆ ಬಿಸಿಲಿಗೆ ಕೆಡುವುದು ಹೇಗೆ? ಉತ್ತರ ಅದರ ಆಕಾರದಲ್ಲಿದೆ ಎನ್ನುತ್ತಾಳೆ ಮಗಳು

ಕಲ್ಪತರು ಹೈನುಗಾರ · ಭಾನುವಾರ, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಹಸು, ಎರಡು ಕರು ಇವೆ. ಡೇರಿಗೆ ಹಾಲು ಹಾಕಿಯೇ ಮನೆ ನಡೆಯಬೇಕು. ಕಳೆದ ಸುತ್ತಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ನಮ್ಮ ಬೀದಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಥರ್ಮಾಕೋಲ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗಿನ ಐಸ್ ಕರಗಿ ಸೀಸೆಗಳು ನೀರಿನಲ್ಲಿ ತೇಲುತ್ತಿದ್ದವು. ಒಂದನ್ನು ಕೈಗೆ ತೆಗೆದುಕೊಂಡರೆ ಬೆಚ್ಚಗಿತ್ತು. ಕೇಳಿದ್ದಕ್ಕೆ "ಇದರಲ್ಲಿರುವುದು ಸತ್ತ ವೈರಸ್. ಸತ್ತದ್ದು ಇನ್ನೆಲ್ಲಿ ಸಾಯುತ್ತದೆ?" ಎಂದರು. ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಹಾಕಿಸಿದೆ.

ಮೂರು ತಿಂಗಳಾಗಿರಲಿಲ್ಲ, ನಮ್ಮ ಗೌರಿ ಮೇವು ಬಿಟ್ಟಳು. ಎರಡನೆಯ ದಿನ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ನಾಲಿಗೆಯ ಮೇಲಿನ ಚರ್ಮ ಹಾಗೆಯೇ ಸುಲಿದು ನನ್ನ ಕೈಗೆ ಬಂತು, ಕೆಳಗೆ ಕೆಂಪು ಮಾಂಸ. ಜೀವ ಉಳಿಯಿತು, ಹಾಲು ಮಾತ್ರ ಮೊದಲಿನಂತಾಗಲಿಲ್ಲ. ಲಸಿಕೆ ಕೆಟ್ಟಿದ್ದರಿಂದಲೇ ಹೀಗಾಯಿತು ಎಂದು ಸಾಧಿಸುವ ಶಕ್ತಿ ನನಗಿಲ್ಲ. ನನ್ನ ಪ್ರಶ್ನೆ ಒಂದೇ: ಸತ್ತ ವೈರಸ್ಸು ಬಿಸಿಗೆ ಕೆಡುವುದು ಹೇಗೆ? ಬಿ.ಎಸ್ಸಿ. ಓದುತ್ತಿರುವ ಮಗಳು "ಅಪ್ಪಾ, ಅದರ ಆಕಾರ ಕೆಡುತ್ತದೆ" ಎಂದಳು. ಆಕಾರ ಕೆಟ್ಟರೆ ಏನಾಯಿತು, ಔಷಧ ಅದೇ ತಾನೆ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಾಸನದ ಪಶುವೈದ್ಯೆ · ಭಾನುವಾರ, ಬೆಳಿಗ್ಗೆ 10.35

ಹೈನುಗಾರರೇ, ಗೌರಿಯ ವಿಷಯ ಓದಿ ಬೇಸರವಾಯಿತು. ಸುಲಿದ ನಾಲಿಗೆಯನ್ನು ನೋಡಿದವರಿಗೆ ಈ ರೋಗವನ್ನು ಹಗುರವಾಗಿ ಮಾತನಾಡಲು ಬಾಯಿ ಬರುವುದಿಲ್ಲ.

ನಿಮ್ಮ ಮಗಳು ಹೇಳಿದ್ದು ಸರಿ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಬಿಸಿಯಾಗಬಾರದು, ಹೆಪ್ಪುಗಟ್ಟಲೂಬಾರದು. ಹೆಪ್ಪುಗಟ್ಟಿದರೆ ಅದರಲ್ಲಿರುವ ಎಣ್ಣೆ ಮತ್ತು ನೀರು ಬೇರೆಬೇರೆಯಾಗುತ್ತವೆ. ಬಿಸಿಯಾದರೆ ವೈರಸ್ಸಿನ ಚಿಪ್ಪು ಬಿಚ್ಚಿಕೊಂಡು ಹನ್ನೆರಡು ತುಂಡುಗಳಾಗುತ್ತದೆ. ತುಂಡುಗಳಲ್ಲಿಯೂ ಅವೇ ಪ್ರೋಟೀನ್‌ಗಳಿರುತ್ತವೆ, ತೂಕವೂ ಅಷ್ಟೇ. ಆದರೆ ಹಸುವಿನ ದೇಹ ಅವುಗಳ ವಿರುದ್ಧ ಹುಟ್ಟಿಸುವ ಪ್ರತಿಕಾಯಗಳು ತೀರಾ ಕಡಿಮೆ. ಲಸಿಕೆ ತಯಾರಿಸುವವರು ಒಂದು ಸೀಸೆಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಮಾತ್ರ ಅಳೆಯುವುದಿಲ್ಲ. ಇಡಿಯಾಗಿ ಉಳಿದಿರುವ ಕಣ ಎಷ್ಟಿದೆ ಎಂಬುದೇ ಮುಖ್ಯ ಲೆಕ್ಕ.

ನಮ್ಮ ದೇಶದ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಯ ವೈರಸ್‌ಗಳಿರುತ್ತವೆ. ಅದರಲ್ಲಿ ಓ ಬಗೆಯ ಚಿಪ್ಪು ಉಳಿದೆರಡಕ್ಕಿಂತ ಬೇಗ ಬಿಚ್ಚಿಕೊಳ್ಳುತ್ತದೆ. ಡಬ್ಬಿ ಬೆಚ್ಚಗಾದಾಗ ನಾನು ಹೆದರುವುದು ಅದಕ್ಕೇ. ಚಿಪ್ಪು ಏಕೆ ಹೀಗೆ ಎಂಬುದನ್ನು ಆ ಶಾಸ್ತ್ರ ಓದಿದವರೇ ಹೇಳಲಿ.

ಹರಳು · ಭಾನುವಾರ, ಮಧ್ಯಾಹ್ನ 12.20

ನಾನು ಪ್ರೋಟೀನ್‌ಗಳ ರಚನೆಯ ಮೇಲೆ ಕೆಲಸ ಮಾಡುವವನು. ಹೈನುಗಾರರ ಪ್ರಶ್ನೆಗಿಂತ ಒಳ್ಳೆಯ ಆರಂಭ ಈ ವಿಷಯಕ್ಕೆ ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು "ಸತ್ತ" ಎಂಬ ಮಾತು. ಲಸಿಕೆಗಾಗಿ ವೈರಸ್ಸನ್ನು ಕೊಲ್ಲುವುದು ಸಾಮಾನ್ಯವಾಗಿ ಬೈನರಿ ಎಥಿಲೀನ್‌ಇಮೀನ್ ಎಂಬ ರಾಸಾಯನಿಕದಿಂದ. ಅದು ಚಿಪ್ಪಿನೊಳಗೆ ನುಗ್ಗಿ ವೈರಸ್ಸಿನ ತಳಿಬರಹವಾದ ಆರ್‌ಎನ್‌ಎಯನ್ನು ಹಾಳುಮಾಡುತ್ತದೆ, ಚಿಪ್ಪನ್ನು ಹೆಚ್ಚುಕಡಿಮೆ ಇದ್ದಂತೆಯೇ ಬಿಡುತ್ತದೆ. ಅಂದರೆ ಮನೆಯೊಳಗಿನ ಬರಹ ಸುಟ್ಟಿದೆ, ಗೋಡೆ ನಿಂತಿದೆ. ಹಸುವಿನ ದೇಹ ಗುರುತಿಟ್ಟುಕೊಳ್ಳುವುದು ಆ ಗೋಡೆಯನ್ನು. ಸತ್ತ ಮೇಲೂ ಕೆಡಲು ಉಳಿದಿರುವುದು ಅದೇ.

ಈಗ ಗೋಡೆ. ಕಾಲುಬಾಯಿ ಜ್ವರದ ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ ಮೂವತ್ತಮೂರು ಸಾವಿರ ವೈರಸ್‌ಗಳನ್ನು ಸಾಲಾಗಿ ಕೂರಿಸಬಹುದು. ಅದರ ಆರ್‌ಎನ್‌ಎಯಲ್ಲಿ ಸುಮಾರು 8,400 ಅಕ್ಷರಗಳಿವೆ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಒಂದು ಮಣಿ. ಇಷ್ಟು ಚಿಕ್ಕ ಬರಹದಲ್ಲಿ ತನ್ನನ್ನೇ ಮುಚ್ಚಿಕೊಳ್ಳುವಷ್ಟು ದೊಡ್ಡ ಪ್ರೋಟೀನನ್ನು ಬರೆಯಲು ಜಾಗವೇ ಸಾಲದು. ಹಾಗಾಗಿ ಚಿಕ್ಕ ವೈರಸ್‌ಗಳು ಒಂದೇ ಬಗೆಯ ಇಟ್ಟಿಗೆಯನ್ನು ಮತ್ತೆಮತ್ತೆ ಬಳಸಿಯೇ ಗೂಡು ಕಟ್ಟುತ್ತಿರಬೇಕು ಎಂದು ಡಿಎನ್‌ಎ ರಚನೆ ಬಿಡಿಸಿದ ಕ್ರಿಕ್ ಮತ್ತು ವಾಟ್ಸನ್ 1956ರಲ್ಲಿಯೇ ಊಹಿಸಿದ್ದರು. ಯಾವ ವೈರಸ್ಸಿನ ಪರಮಾಣು ಮಟ್ಟದ ಚಿತ್ರವೂ ಆಗ ಇರಲಿಲ್ಲ. ಕೆಲಸ ನೋಡಿ ಆಕಾರ ಊಹಿಸಿದ್ದು ಅದು.

ನಮ್ಮ ವೈರಸ್ಸಿನಲ್ಲಿ ಇಟ್ಟಿಗೆ ನಾಲ್ಕು ಬಗೆ: ವಿಪಿ1, ವಿಪಿ2, ವಿಪಿ3 ಹೊರಮೈಯಲ್ಲಿ, ವಿಪಿ4 ಒಳಗೆ. ಪ್ರತಿಯೊಂದೂ ಅರವತ್ತು. ನಾಲ್ಕೂ ಬಗೆಯ ಒಂದೊಂದು ಸೇರಿ ಒಂದು ಗುಂಪು. ಅಂತಹ ಐದೈದು ಗುಂಪುಗಳು ಸೇರಿ ಒಂದು ಹೂವಿನಂತಹ ತುಂಡು. ಅಂತಹ ಹನ್ನೆರಡು ತುಂಡುಗಳು ಸೇರಿ ಒಂದು ಚೆಂಡು. ಪಶುವೈದ್ಯೆಯವರು ಹೇಳಿದ ಹನ್ನೆರಡು ಇವೇ. ಒಂದು ತುಂಡಿನೊಳಗಿನ ಬೆಸುಗೆ ಗಟ್ಟಿ. ತುಂಡು ತುಂಡುಗಳ ನಡುವಿನ ಬೆಸುಗೆ ಸಡಿಲ. 1989ರಲ್ಲಿ 2.9 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ನ್ಯಾನೋಮೀಟರಿನ ಹತ್ತನೆಯ ಒಂದು ಭಾಗ) ಸ್ಪಷ್ಟತೆಯಲ್ಲಿ ಈ ವೈರಸ್ಸಿನ ರಚನೆ ಪ್ರಕಟವಾದಾಗ ಆ ಕೀಲಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳು ಒತ್ತಾಗಿ ಕೂತಿರುವುದು ಕಂಡಿತು. ಹಿಸ್ಟಿಡಿನ್ ಸ್ವಭಾವ ವಿಚಿತ್ರ. ರಕ್ತದಂತಹ ತಟಸ್ಥ ದ್ರವದಲ್ಲಿ ಅದರ ಮೇಲೆ ವಿದ್ಯುದಂಶ ಇಲ್ಲದಂತೆಯೇ. ಸುತ್ತಲಿನ ದ್ರವ ಒಂಚೂರು ಹುಳಿಯಾದರೆ ಸಾಕು, ಧನ ವಿದ್ಯುದಂಶ ಬರುತ್ತದೆ. ಕೀಲಿನ ತುಂಬ ಧನ ಅಂಶಗಳಾದರೆ ಒಂದನ್ನೊಂದು ತಳ್ಳುತ್ತವೆ, ಚೆಂಡು ಬಿಚ್ಚಿಕೊಳ್ಳುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಈ ವೈರಸ್ ನಿಲ್ಲುವುದಿಲ್ಲ.

ಇದು ವೈರಸ್ಸಿನ ದೋಷವಲ್ಲ, ಅದರ ಬದುಕೇ ಇದು. ಜೀವಕೋಶ ವೈರಸ್ಸನ್ನು ಒಂದು ಚೀಲದಲ್ಲಿ ನುಂಗುತ್ತದೆ. ಆ ಚೀಲದ ಒಳಗು ಕ್ರಮೇಣ ಹುಳಿಯಾಗುತ್ತದೆ. ಹುಳಿ ತಗುಲಿದ ಕೂಡಲೇ ಚಿಪ್ಪು ಬಿಚ್ಚಿ ಆರ್‌ಎನ್‌ಎ ಹೊರಬರಬೇಕು. ಬೇಗ ಬಿಚ್ಚಿದರೆ ದಾರಿಯಲ್ಲೇ ನಾಶ, ತಡವಾದರೆ ಚೀಲದಲ್ಲೇ ಜೀರ್ಣ. ಗಟ್ಟಿಯಾಗಿರಬೇಕಾದ್ದೂ ಸಡಿಲವಾಗಿರಬೇಕಾದ್ದೂ ಒಂದೇ ಕೀಲು. ನಿಮ್ಮ ಬೀದಿಯ ಡಬ್ಬಿಯಲ್ಲಿ ಬಿಸಿಗೆ ಬಿಚ್ಚಿಕೊಂಡದ್ದು ಇದೇ ಕೀಲು, ಹೈನುಗಾರರೇ.

ಪಿಯು ಜೀವಶಾಸ್ತ್ರ · ಭಾನುವಾರ, ಸಂಜೆ 5.45

ಹರಳು ಅವರೇ, ನಾಳೆಯೇ ಇದನ್ನು ತರಗತಿಯಲ್ಲಿ ಹೇಳುತ್ತೇನೆ. ನಾನು ಇಪ್ಪತ್ತು ವರ್ಷಗಳಿಂದ "ರಚನೆಯೇ ಕಾರ್ಯವನ್ನು ನಿರ್ಧರಿಸುತ್ತದೆ" ಎಂದು ಬರೆಸಿ, ಕೆಳಗೆ ಬೀಗ ಮತ್ತು ಕೀಲಿಕೈ ಚಿತ್ರ ಬಿಡಿಸಿಕೊಂಡು ಬಂದಿದ್ದೇನೆ. ಮಕ್ಕಳು ಹಾಗೆಯೇ ಬರೆದು ಅಂಕ ಪಡೆಯುತ್ತಾರೆ. ವೈರಸ್ಸಿಗೂ ಅದೇ ಬೀಗ-ಕೀಲಿ ತಾನೆ? ಚಿತ್ರ ನೋಡಿದರೆ ಯಾವ ಮೂಲೆ ಜೀವಕೋಶಕ್ಕೆ ಅಂಟುತ್ತದೆ ಎಂದು ಗೊತ್ತಾಗಿಬಿಡುತ್ತದೆ ಅಲ್ಲವೇ?

ಹರಳು · ಭಾನುವಾರ, ರಾತ್ರಿ 8.30

ಸರ್, ಈ ವೈರಸ್ಸಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೇ ನಿಮ್ಮ ಈ ಪ್ರಶ್ನೆ. ಏಕೆಂದರೆ ಜೀವಕೋಶಕ್ಕೆ ಅಂಟುವ ಭಾಗ 1989ರ ಚಿತ್ರದಲ್ಲಿ ಇರಲೇ ಇಲ್ಲ.

ಹಿನ್ನೆಲೆ ಹೇಳಬೇಕು. 1985ರಲ್ಲಿ ನೆಗಡಿಯ ವೈರಸ್ಸಿನ ರಚನೆಯನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೈಕಲ್ ರಾಸ್‌ಮನ್ ತಂಡ ಬಿಡಿಸಿತು. ಅದೇ ವರ್ಷ ಪೋಲಿಯೋ ವೈರಸ್ಸಿನ ರಚನೆಯೂ ಬಂತು. ನೆಗಡಿಯ ವೈರಸ್ಸಿನ ಮೈಮೇಲೆ ಆಳವಾದ ಕಣಿವೆ ಕಂಡಿತು. ಪ್ರತಿಕಾಯ ದಪ್ಪ, ಕಣಿವೆಯ ತಳ ಮುಟ್ಟುವುದು ಅದಕ್ಕೆ ಕಷ್ಟ. ಜೀವಕೋಶದ ಕೊಕ್ಕೆ ತೆಳ್ಳಗಿದೆ, ಒಳಗೆ ಇಳಿಯುತ್ತದೆ. ಅಂಟುವ ಜಾಗವನ್ನು ವೈರಸ್ ಅಲ್ಲಿ ಬಚ್ಚಿಟ್ಟಿದೆ ಎಂದು ರಾಸ್‌ಮನ್ ಹೇಳಿದರು. ಕಾಲುಬಾಯಿ ಜ್ವರದ ವೈರಸ್ಸೂ ಅದೇ ಕುಟುಂಬದ್ದು. ಅದರಲ್ಲೂ ಕಣಿವೆ ಇರುತ್ತದೆ ಎಂದುಕೊಂಡು ನೋಡಿದವರಿಗೆ ಸಿಕ್ಕಿದ್ದು ನುಣುಪಾದ ಮೈ. ಕಣಿವೆಯೇ ಇಲ್ಲ. ಅದರ ಬದಲು ವಿಪಿ1ರ ಒಂದು ಕಡೆ ಸುಮಾರು ಇಪ್ಪತ್ತು ಅಮೈನೋ ಆಮ್ಲಗಳ ಉದ್ದಕ್ಕೆ ಬರೀ ಮಸುಕು.

ಈ ಚಿತ್ರ ತೆಗೆಯಲು ವೈರಸ್‌ಗಳನ್ನು ಹರಳಾಗಿ ಬೆಳೆಸಿ ಅದರ ಮೇಲೆ ಎಕ್ಸ್-ರೇ ಹಾಯಿಸುತ್ತಾರೆ. ಹರಳಿನಲ್ಲಿ ಲೆಕ್ಕವಿಲ್ಲದಷ್ಟು ವೈರಸ್‌ಗಳು ಒಂದೇ ಭಂಗಿಯಲ್ಲಿ ಸಾಲಾಗಿ ಕೂತಿರುತ್ತವೆ. ಎಕ್ಸ್-ರೇ ಕೊಡುವುದು ಅವೆಲ್ಲದರ ಸರಾಸರಿ ಚಿತ್ರ. ಎಲ್ಲದರಲ್ಲೂ ಒಂದೇ ಕಡೆ ಇರುವ ಭಾಗ ಸ್ಪಷ್ಟವಾಗಿ ಮೂಡುತ್ತದೆ. ಒಂದೊಂದರಲ್ಲಿ ಒಂದೊಂದು ಕಡೆ ತಿರುಗಿಕೊಂಡಿರುವ ಭಾಗ ಅಳಿಸಿಹೋಗುತ್ತದೆ. ರಥೋತ್ಸವದ ಸಂಜೆ ಕ್ಯಾಮೆರಾ ಶಟರ್ ನಿಧಾನವಾಗಿಟ್ಟು ತೆಗೆದ ಫೋಟೋ ನೋಡಿದ್ದೀರಲ್ಲ, ಗೋಪುರ ಗೆರೆ ಕೊರೆದಂತೆ ಇರುತ್ತದೆ, ಹಗ್ಗ ಎಳೆಯುವ ಕೈಗಳು ಮಂಜಿನಂತೆ. ಈ ವೈರಸ್ಸಿನಲ್ಲಿ ಮಂಜಿನಂತೆ ಕಂಡದ್ದೇ ಕೈ.

ಅದು ಕೈ ಎಂದು ಬೇರೆ ಪ್ರಯೋಗಗಳಿಂದ ಮೊದಲೇ ಗೊತ್ತಿತ್ತು. ಟ್ರಿಪ್ಸಿನ್ ಕಿಣ್ವದಿಂದ ವಿಪಿ1ರ ಆ ಮಸುಕು ಭಾಗವನ್ನು, ಅಂದರೆ ಹೊರಗೆ ಚಾಚಿದ ಕುಣಿಕೆಯನ್ನು, ಕತ್ತರಿಸಿದರೆ ಚೆಂಡು ಇಡಿಯಾಗಿಯೇ ಉಳಿಯುತ್ತದೆ, ಜೀವಕೋಶಕ್ಕೆ ಅಂಟುವುದು ಮಾತ್ರ ನಿಂತುಹೋಗುತ್ತದೆ. ಕುಣಿಕೆಯ ತುದಿಯಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಒಂದರ ಪಕ್ಕ ಒಂದಿವೆ. ನಮ್ಮ ದೇಹದ ಜೀವಕೋಶಗಳು ಸುತ್ತಲಿನ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳಲು ಇದೇ ಮೂರರ ಗುರುತನ್ನು ಹುಡುಕುತ್ತವೆ. ಹಿಡಿಯುವ ಕೈಗೆ ಇಂಟೆಗ್ರಿನ್ ಎಂದು ಹೆಸರು. ವೈರಸ್ ದೇಹದ್ದೇ ಗುರುತನ್ನು ಹೊತ್ತು ತಿರುಗುತ್ತದೆ. ಅದಕ್ಕೆ ಸಿಗುವ ಮುಖ್ಯ ಇಂಟೆಗ್ರಿನ್ ಇರುವುದು ನಾಲಿಗೆ, ಗೊರಸಿನ ಸಂದು, ಇಂತಹ ಕಡೆಯ ಮೇಲ್ಪದರದ ಜೀವಕೋಶಗಳಲ್ಲಿ. ಗೌರಿಯ ನಾಲಿಗೆ ಸುಲಿದದ್ದಕ್ಕೂ ಆ ಮೂರು ಅಮೈನೋ ಆಮ್ಲಗಳಿಗೂ ಇಷ್ಟು ಹತ್ತಿರದ ನಂಟು.

1993ರಲ್ಲಿ ಕುಣಿಕೆ ಕೊನೆಗೂ ಕಂಡಿತು. ಅದರ ಬುಡದಲ್ಲಿ ಒಂದು ಗಂಧಕದ ಬಂಧವಿದೆ. ರಾಸಾಯನಿಕದಿಂದ ಅದನ್ನು ಬಿಡಿಸಿದಾಗ ಕುಣಿಕೆ ವೈರಸ್ಸಿನ ಮೈಮೇಲೆ ಮಡಚಿಕೊಂಡು ಮಲಗಿತು, ಆಗ ಚಿತ್ರಕ್ಕೆ ಸಿಕ್ಕಿತು. ಹಾಗಾಗಿ ಸರ್, ಬೀಗ-ಕೀಲಿ ಚಿತ್ರದಲ್ಲಿ ಎರಡೂ ಗಟ್ಟಿ ಲೋಹ. ಇಲ್ಲಿ ಕೆಲಸ ಮಾಡುವುದು ಅಲುಗಾಡುವ ಭಾಗ. ರಚನೆಯ ಚಿತ್ರದಲ್ಲಿ ಬಿಟ್ಟುಹೋದ ಗೆರೆಗಳು ಕಂಡರೆ ಮಕ್ಕಳಿಗೆ ಅಲ್ಲೇ ಬೆರಳಿಟ್ಟು ತೋರಿಸಿ.

ಹಾಸನದ ಪಶುವೈದ್ಯೆ · ಭಾನುವಾರ, ರಾತ್ರಿ 9.15

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರತಿಕಾಯಗಳು ಹೆಚ್ಚಾಗಿ ಹಿಡಿಯುವ ಜಾಗಗಳಲ್ಲಿ ಈ ಕುಣಿಕೆಯೂ ಒಂದು. ಅದರ ತುದಿಯ ಆ ಮೂರು ಅಮೈನೋ ಆಮ್ಲಗಳು ಬದಲಾಗದೆ ಉಳಿಯುತ್ತವೆ, ಅಕ್ಕಪಕ್ಕದವು ಬದಲಾಗುತ್ತಲೇ ಇರುತ್ತವೆ. ಎ ಬಗೆಯ ಲಸಿಕೆ ಓ ಬಗೆಯನ್ನು ತಡೆಯದಿರುವುದು, ಒಂದೇ ಬಗೆಯೊಳಗೂ ಹೊಸ ತಳಿ ಬಂದಾಗ ಲಸಿಕೆಯ ತಳಿ ಬದಲಿಸಬೇಕಾಗುವುದು ಇಂತಹ ಬದಲಾವಣೆಗಳಿಂದ.

1980ರ ದಶಕದಲ್ಲಿ ಈ ಕುಣಿಕೆಯನ್ನಷ್ಟೇ ಪ್ರಯೋಗಾಲಯದಲ್ಲಿ ತಯಾರಿಸಿ ಲಸಿಕೆಯಾಗಿ ಕೊಡುವ ಪ್ರಯತ್ನವಾಯಿತು. ಗಿನಿಯಿಲಿಗಳಲ್ಲಿ ಚೆನ್ನಾಗಿ ಫಲಿಸಿತು. ದನಗಳಲ್ಲಿ ಇಡೀ ಚೆಂಡಿನ ಲಸಿಕೆಯಷ್ಟು ನಂಬುವಂತಹ ರಕ್ಷಣೆ ಸಿಗಲಿಲ್ಲ. ಗೋಡೆಯ ಒಂದು ಇಟ್ಟಿಗೆ ತೋರಿಸಿ ಮನೆ ಗುರುತಿಸು ಎಂದರೆ ದನದ ದೇಹ ಒಪ್ಪಲಿಲ್ಲ.

ಗಣಕಿಗ · ಸೋಮವಾರ, ಬೆಳಿಗ್ಗೆ 7.50

ಎಲ್ಲವನ್ನೂ ಓದಿದೆ, ಬಹಳ ಹಿಡಿಸಿತು. ಆದರೆ ಹರಳು ಬೆಳೆಸಿ ವರ್ಷಗಟ್ಟಲೆ ಕಾಯುವ ಕಾಲ ಮುಗಿಯಿತಲ್ಲವೇ? ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅಮೈನೋ ಆಮ್ಲಗಳ ಸಾಲನ್ನು ಕೊಟ್ಟರೆ ಪ್ರೋಟೀನಿನ ಆಕಾರ ಹೇಳುತ್ತದೆ. 2022ರ ಹೊತ್ತಿಗೆ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಉಚಿತವಾಗಿ ಸಿಗುವಂತಾಯಿತು. 2024ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಕೂಡ ಅದಕ್ಕೇ ಬಂತು. ನಾನು ಸಾಫ್ಟ್‌ವೇರ್ ಬರೆಯುವವನು. ಈ ಕ್ಷೇತ್ರದಲ್ಲಿ ಗಣಕದಿಂದ ಇಷ್ಟು ದೊಡ್ಡ ಕೆಲಸವಾದದ್ದು ನನಗೆ ನಿಜವಾಗಿಯೂ ಹೆಮ್ಮೆಯ ಸಂಗತಿ.

ಹರಳು · ಸೋಮವಾರ, ಬೆಳಿಗ್ಗೆ 8.40

ಹೆಮ್ಮೆ ಪಡಬೇಕಾದ ಕೆಲಸವೇ. ನಾನೂ ಪ್ರತಿದಿನ ಅದನ್ನು ತೆರೆಯುತ್ತೇನೆ. ಎರಡು ಸಂಗತಿಗಳನ್ನು ಮಾತ್ರ ಮುಂದಿಡುತ್ತೇನೆ.

ಆ ಗಣಕ ಕಲಿತದ್ದು ಜಗತ್ತಿನ ಪ್ರಯೋಗಾಲಯಗಳು 1971ರಿಂದ ಒಂದು ತೆರೆದ ಭಂಡಾರದಲ್ಲಿ ಕೂಡಿಟ್ಟ ರಚನೆಗಳಿಂದ. ಆರಂಭದಲ್ಲಿ ಅಲ್ಲಿದ್ದದ್ದು ಏಳು. ಈಗ ಎರಡು ಲಕ್ಷ ದಾಟಿದೆ. ಇನ್ನೊಂದು, ನೀವು ಹೇಳಿದ ಇಪ್ಪತ್ತು ಕೋಟಿಯ ಸಂಗ್ರಹ ಬಿಡುಗಡೆಯಾದಾಗ ಅದರಲ್ಲಿ ವೈರಸ್‌ಗಳ ಪ್ರೋಟೀನ್‌ಗಳನ್ನು ಸೇರಿಸಿರಲಿಲ್ಲ. ಅಲುಗಾಡುವ ಕುಣಿಕೆಗಳ ಬಗ್ಗೆ ಆಲ್ಫಾಫೋಲ್ಡ್ ತನಗೆ ಖಚಿತವಿಲ್ಲ ಎಂದು ತಾನೇ ಗುರುತು ಹಾಕುತ್ತದೆ. ಅದರ ಆ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಕುಣಿಕೆ ಏನನ್ನು ಹಿಡಿಯುತ್ತದೆ, ಕೀಲು ಯಾವ ಹುಳಿಗೆ ಬಿಚ್ಚುತ್ತದೆ ಎಂಬುದಕ್ಕೆ ಟ್ರಿಪ್ಸಿನ್, ಪರೀಕ್ಷಾನಳಿಕೆ, ದನ ಎಲ್ಲವೂ ಬೇಕಾದವು.

ಹಲಸಿನ ಬೀಜ · ಸೋಮವಾರ, ಮಧ್ಯಾಹ್ನ 1.30

ಗಣಕಿಗರ ಮಾತಿಗೆ ನನ್ನ ಅಡುಗೆಮನೆಯ ಸಾಮಾನಿನಿಂದಲೇ ಉತ್ತರ ಕೊಡಬಹುದು ಎನಿಸಿತು. ನನ್ನ ಹೆಸರು ನೋಡಿ.

ಹಲಸಿನ ಬೀಜದಲ್ಲಿ ಜಾಕಲಿನ್ ಎಂಬ ಪ್ರೋಟೀನ್ ಇದೆ. ಎಂ.ಎಸ್ಸಿ. ಓದುವಾಗ ನಾನೇ ತೆಗೆದಿದ್ದೇನೆ: ಬೀಜದ ಬಿಳಿ ಸಿಪ್ಪೆ ಸುಲಿದು, ಕಂದು ಪೊರೆ ಕೆರೆದು, ಅರೆದು, ಉಪ್ಪುನೀರಿನಲ್ಲಿ ರಾತ್ರಿಯೆಲ್ಲ ತಣ್ಣಗೆ ನೆನೆಸಿ, ಸೋಸಿದಾಗ ಹಾಲಿನಂತಹ ನೀರು. ಗ್ಯಾಲಕ್ಟೋಸ್ ಸಕ್ಕರೆಯ ಅಂಶವಿರುವ ಮಣಿಗಳ ನಳಿಕೆಯಲ್ಲಿ ಅದನ್ನು ಹರಿಸಿದರೆ ಜಾಕಲಿನ್ ಮಣಿಗಳಿಗೆ ಅಂಟಿಕೊಂಡು ಉಳಿದದ್ದೆಲ್ಲ ಹರಿದುಹೋಗುತ್ತದೆ. ಆಮೇಲೆ ಸಕ್ಕರೆ ನೀರು ಹಾಕಿದರೆ ಬಿಟ್ಟು ಬರುತ್ತದೆ. ಮೊದಲ ಸಲ ಇದನ್ನು ಕಂಡ ದಿನ ಊಟ ಮರೆತಿದ್ದೆ.

ಇದರ ರಚನೆ ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ವಿಜಯನ್ ಅವರ ತಂಡ, 1996ರಲ್ಲಿ. ಹಿಂದೆ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರೊಂದಿಗೆ 1969ರ ಇನ್ಸುಲಿನ್ ರಚನೆಯ ಕೆಲಸದಲ್ಲಿ ಇದ್ದವರು ಅವರು. ಜಾಕಲಿನ್ ಸಕ್ಕರೆಯನ್ನು ಹಿಡಿಯುವ ಬಗೆ ಆಶ್ಚರ್ಯಕರ. ಗಿಡ ಅದನ್ನು ಮೊದಲು ಒಂದೇ ಉದ್ದ ಸರಪಳಿಯಾಗಿ ತಯಾರಿಸುತ್ತದೆ. ಅನಂತರ ಕತ್ತರಿಸಿ ಎರಡು ಸರಪಳಿ ಮಾಡುತ್ತದೆ. ಕತ್ತರಿಸಿದ ಜಾಗದಲ್ಲಿ ಹೊಸದಾಗಿ ತೆರೆದುಕೊಂಡ ಗ್ಲೈಸಿನ್ ತುದಿಯೇ ಗ್ಯಾಲಕ್ಟೋಸನ್ನು ಹಿಡಿಯುವ ಬೆರಳುಗಳಲ್ಲಿ ಒಂದು. ಜೀನಿನ ಬರಹವನ್ನಷ್ಟೇ ಓದಿ ಆಕಾರ ಊಹಿಸಿದರೆ ಆ ತುದಿ ಸರಪಳಿಯ ನಡುವೆ ಮುಚ್ಚಿಯೇ ಇರುತ್ತದೆ. ಗಿಡ ಎಲ್ಲಿ ಕತ್ತರಿ ಹಾಕುತ್ತದೆ ಎಂಬುದು ಬೀಜ ಅರೆದವರಿಗೆ ತಿಳಿಯಿತು.

ಗಣಕಿಗ · ಸೋಮವಾರ, ಮಧ್ಯಾಹ್ನ 2.05

ಇದು ನನಗೆ ತಿಳಿದಿರಲಿಲ್ಲ. ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ: ಗಣಕ ಹೇಳುವುದು ಸರಪಳಿ ಹೇಗೆ ಮಡಚಿಕೊಳ್ಳುತ್ತದೆ ಎಂದು, ಯಾವ ಸರಪಳಿಯನ್ನು ಕೇಳಬೇಕು ಎಂದು ನಾವು ಹೇಳಬೇಕು. ವೈರಸ್‌ಗಳ ಮೇಲೂ ನಮ್ಮಲ್ಲಿ ಇಂತಹ ಕೆಲಸ ನಡೆದಿದೆಯೇ?

ಹರಳು · ಸೋಮವಾರ, ಸಂಜೆ 6.10

ನಡೆದಿದೆ, ಅದೇ ಸಂಸ್ಥೆಯಲ್ಲಿ. ಅಗಸೆ ಮರ, ಕೆಲವು ಕಡೆ ಚೊಗಚೆ ಎನ್ನುತ್ತಾರೆ, ಅದರ ಎಲೆಗಳಲ್ಲಿ ಹಳದಿ-ಹಸಿರು ಮಚ್ಚೆ ಬರಿಸುವ ಒಂದು ವೈರಸ್ ತಿರುಪತಿಯ ಸುತ್ತಮುತ್ತ ಸಿಕ್ಕಿತು. ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು 1990ರ ದಶಕದಲ್ಲಿ ಅದರ ರಚನೆ ಬಿಡಿಸಿದವು. ಮೂರ್ತಿ ಅವರು ಹಿಂದೆ ಪರ್ಡ್ಯೂನಲ್ಲಿ ರಾಸ್‌ಮನ್ ಜೊತೆ ಕೆಲಸ ಮಾಡಿದ್ದವರು.

ಆ ವೈರಸ್ಸಿನ ಚಿಪ್ಪಿನಲ್ಲಿ ಒಂದೇ ಪ್ರೋಟೀನಿನ 180 ಪ್ರತಿಗಳಿವೆ. ಪ್ರತಿಯೊಂದರ ಆರಂಭದ ಭಾಗ ಒಳಮುಖವಾಗಿ ಆರ್‌ಎನ್‌ಎ ಕಡೆಗೆ ಚಾಚಿದೆ. ಅದರ ಕೆಲಸ ಏನು ಎಂದು ತಿಳಿಯಲು ಅವರು ಮೊದಲ 65 ಅಮೈನೋ ಆಮ್ಲಗಳನ್ನು ಕತ್ತರಿಸಿದ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಚಿಪ್ಪು ಕಟ್ಟಿಕೊಂಡಿತು, ಆದರೆ 180ರದ್ದಲ್ಲ, 60ರ ಪುಟ್ಟ ಚಿಪ್ಪು. ಒಂದೇ ಇಟ್ಟಿಗೆ, ಬಾಲ ಇದ್ದರೆ ದೊಡ್ಡ ಗೂಡು, ಇಲ್ಲದಿದ್ದರೆ ಚಿಕ್ಕದು. ಎಷ್ಟು ದೊಡ್ಡದು ಕಟ್ಟಬೇಕು ಎಂಬ ತೀರ್ಮಾನ ಆ ಬಾಲದಲ್ಲಿದೆ. ಬರೀ ನೋಡುವುದರಿಂದ ಇದು ತಿಳಿಯುವುದಿಲ್ಲ, ನೋಡಿ ಕತ್ತರಿಸಿ ಮತ್ತೆ ನೋಡಬೇಕು.

ಹಾಡಿ ಕಾರ್ಯಕರ್ತೆ · ಸೋಮವಾರ, ರಾತ್ರಿ 9.40

ನಾನು ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಕುಡುಗೋಲು ಕಣ ರಕ್ತಹೀನತೆಯ ತಪಾಸಣೆಗೆ ಹೋಗುತ್ತೇನೆ. ಕೈಕಾಲು ನೋವೆಂದು ರಾತ್ರಿಯೆಲ್ಲ ಅಳುವ ಮಕ್ಕಳನ್ನು ನೋಡಿದ್ದೇನೆ. ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹೀಗಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಒಂದಕ್ಕೆ ಇಷ್ಟು ನೋವು ಏಕೆ? ಆಕಾರ ಗೊತ್ತಿದ್ದ ಮೇಲೆ ಔಷಧ ಏಕೆ ಬರಲಿಲ್ಲ?

ಹಲಸಿನ ಬೀಜ · ಸೋಮವಾರ, ರಾತ್ರಿ 10.25

ಅಕ್ಕಾ, ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ, ಆದರೂ ಬರೆಯುತ್ತೇನೆ.

ಇದು ಹಿಮೋಗ್ಲೋಬಿನ್ನಿನ ರೋಗ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. 1956-57ರಲ್ಲಿ ವರ್ನನ್ ಇಂಗ್ರಾಂ ಬದಲಾವಣೆಯನ್ನು ಗುರುತಿಸಿದರು: ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್. ಗ್ಲುಟಾಮಿಕ್ ಆಮ್ಲ ನೀರಿನ ಜೊತೆ ಹೊಂದಿಕೊಳ್ಳುತ್ತದೆ, ವ್ಯಾಲಿನ್ ಎಣ್ಣೆಯಂತೆ ನೀರಿಗೆ ದೂರ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದಾಗ ಒಂದು ಭಂಗಿ, ಬಿಟ್ಟಾಗ ಇನ್ನೊಂದು ಭಂಗಿ ಎಂದು ಮ್ಯಾಕ್ಸ್ ಪೆರುಟ್ಸ್ ಜೀವಮಾನವಿಡೀ ದುಡಿದು ತೋರಿಸಿದರು; 1962ರ ನೊಬೆಲ್ ಅವರಿಗೂ ಜಾನ್ ಕೆಂಡ್ರೂ ಅವರಿಗೂ ಬಂತು. ಆಮ್ಲಜನಕ ಬಿಟ್ಟ ಭಂಗಿಯಲ್ಲಿ ಮಾತ್ರ ಪಕ್ಕದ ಹಿಮೋಗ್ಲೋಬಿನ್ನಿನ ಮೈಮೇಲೆ ಒಂದು ಚಿಕ್ಕ ಎಣ್ಣೆಗುಳಿ ತೆರೆದುಕೊಳ್ಳುತ್ತದೆ. ವ್ಯಾಲಿನ್ ಅಲ್ಲಿ ಹೋಗಿ ಕೂರುತ್ತದೆ. ಒಂದಕ್ಕೆ ಒಂದು ಅಂಟಿ ಉದ್ದ ನಾರುಗಳಾಗಿ, ರಕ್ತಕಣ ಬಾಗಿ ಕುಡುಗೋಲಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಅಳುವುದು ಆಗ.

ಔಷಧ ಬಂದಿತ್ತು. ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹಿಡಿದ ಭಂಗಿಯಲ್ಲೇ ನಿಲ್ಲಿಸಲೆಂದು ರಚನೆಯನ್ನು ಮುಂದಿಟ್ಟುಕೊಂಡು ರೂಪಿಸಿದ ವೊಕ್ಸೆಲೋಟರ್‌ಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ ಸುರಕ್ಷತೆಯ ಕಾರಣಕ್ಕೆ ಜಗತ್ತಿನಾದ್ಯಂತ ಹಿಂದೆ ತೆಗೆದುಕೊಂಡರು. ಒಂದು ಅಣುವನ್ನು ನಿಲ್ಲಿಸುವುದು ಬೇರೆ, ಒಬ್ಬ ರೋಗಿಯ ಬದುಕು ಹಗುರಾಗಿಸುವುದು ಬೇರೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಮಾತ್ರೆ ದಾರಿಯೇ ಬೇರೆ: ಭ್ರೂಣದಲ್ಲಿ ಇರುವ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡುತ್ತದೆ, ಅದು ನಾರುಗಳಿಗೆ ಸೇರುವುದಿಲ್ಲ. ಇಂದಿಗೂ ಅನೇಕರಿಗೆ ಆಸರೆ ಅದೇ.

ಹಾಡಿ ಕಾರ್ಯಕರ್ತೆ · ಸೋಮವಾರ, ರಾತ್ರಿ 10.50

ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಮೈ ಒಡ್ಡಬಾರದು ಎಂದು ತಾಯಂದಿರಿಗೆ ಹೇಳುತ್ತಿದ್ದೆ. ಕಣದಲ್ಲಿ ನೀರು ಕಡಿಮೆಯಾದರೆ ಹಿಮೋಗ್ಲೋಬಿನ್ ಒತ್ತೊತ್ತಾಗಿ ಇನ್ನೂ ಬೇಗ ಅಂಟಿಕೊಳ್ಳುತ್ತದೆ ಎಂದು ಈಗ ಬಿಡಿಸಿ ಹೇಳಬಹುದು. ತಂಗೀ, ನಿನಗೆ ಒಳ್ಳೆಯದಾಗಲಿ.

ಕಲ್ಪತರು ಹೈನುಗಾರ · ಮಂಗಳವಾರ, ಬೆಳಿಗ್ಗೆ 6.15

ಹಾಲು ಕರೆದು ಬಂದು ಎಲ್ಲವನ್ನೂ ಮಗಳಿಂದ ಓದಿಸಿ ಕೇಳಿದೆ. ಒಂದು ಸಂದೇಹ. ಕೀಲು ಸಡಿಲ ಎಂದು 1989ರಲ್ಲೇ ಗೊತ್ತಾದ ಮೇಲೆ ಅದನ್ನು ಗಟ್ಟಿ ಮಾಡಬಾರದೇ?

ಹರಳು · ಮಂಗಳವಾರ, ಬೆಳಿಗ್ಗೆ 8.00

ಮಾಡಿದ್ದಾರೆ. ಜೀವಂತ ವೈರಸ್ಸಿನ ಕೀಲನ್ನು ತೀರಾ ಗಟ್ಟಿ ಮಾಡಿದರೆ ಅದು ಜೀವಕೋಶದಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಬೆಳೆಯುವುದೂ ಇಲ್ಲ. ಬೆಳೆಯದಿದ್ದರೆ ಲಸಿಕೆ ತಯಾರಿಸುವುದು ಯಾವುದರಿಂದ? ಬ್ರಿಟನ್ನಿನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಆರ್‌ಎನ್‌ಎಯೇ ಇಲ್ಲದ ಖಾಲಿ ಚಿಪ್ಪನ್ನು ಕೀಟದ ಜೀವಕೋಶಗಳಲ್ಲಿ ಕಟ್ಟಿಸಿದರು. ಖಾಲಿ ಚಿಪ್ಪು ಸೋಂಕು ಹಬ್ಬಿಸಬೇಕಾಗಿಲ್ಲ, ಹಾಗಾಗಿ ಬಿಚ್ಚಿಕೊಳ್ಳಬೇಕಾಗಿಯೂ ಇಲ್ಲ. ಎರಡು ತುಂಡುಗಳು ಮುಖಾಮುಖಿಯಾಗುವ ಕೀಲಿನಲ್ಲಿ ವಿಪಿ2ರ 93ನೆಯ ಜಾಗದ ಹಿಸ್ಟಿಡಿನ್ ತೆಗೆದು ಸಿಸ್ಟೀನ್ ಇಟ್ಟರು. ಎದುರು ತುಂಡಿನಲ್ಲೂ ಅದೇ ಸಿಸ್ಟೀನ್. ಎರಡರ ಗಂಧಕಗಳು ಕೈಹಿಡಿದು ಬಂಧವಾಯಿತು. 2013ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಚಿಪ್ಪು ಬಿಸಿಯನ್ನೂ ಹುಳಿಯನ್ನೂ ತಾಳಿತು, ದನಗಳಿಗೆ ಕೊಟ್ಟಾಗ ರಕ್ಷಣೆಯೂ ಸಿಕ್ಕಿತು.

ಇನ್ನೊಂದು ಲಾಭವಿದೆ. ಲಸಿಕೆಗಾಗಿ ಜೀವಂತ ವೈರಸ್ಸನ್ನು ಹೇರಳವಾಗಿ ಬೆಳೆಸುವ ಅಪಾಯ ತಪ್ಪುತ್ತದೆ. 2007ರಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್ ಆವರಣದ ಕೊಳವೆಗಳಿಂದ ಈ ವೈರಸ್ ಸೋರಿ ಸುತ್ತಲಿನ ದನಗಳಿಗೆ ಹಬ್ಬಿತ್ತು. ಖಾಲಿ ಚಿಪ್ಪು ಸೋರಿದರೆ ಏನೂ ಆಗದು.

ನಿಮ್ಮ ಊರಿಗೆ ಬರುವ ಸೀಸೆಯಲ್ಲಿ ಇಂದು ಇರುವುದು ಹಳೆಯ ಸಡಿಲ ಕೀಲಿನ ಚಿಪ್ಪೇ. ಅದನ್ನು ಕಾಯುವುದು ಐಸ್ ಒಂದೇ.

ಹಾಸನದ ಪಶುವೈದ್ಯೆ · ಮಂಗಳವಾರ, ಬೆಳಿಗ್ಗೆ 8.45

ಮುಂದಿನ ಸುತ್ತು ಬಂದಾಗ ಹಿಂಜರಿಯಬೇಡಿ, ಹೈನುಗಾರರೇ. ಡಬ್ಬಿ ತೆರೆಸಿ ನೋಡಿ. ಐಸ್ ಪ್ಯಾಕ್ ಗಟ್ಟಿ ಇರಬೇಕು, ಸೀಸೆ ತಣ್ಣಗಿರಬೇಕು ಮತ್ತು ಐಸ್‌ಗೆ ನೇರ ತಾಗಿರಬಾರದು. ಆರು ತಿಂಗಳಿಗೊಮ್ಮೆ ತಪ್ಪಿಸಬೇಡಿ. ನಾಲ್ಕು ತಿಂಗಳು ದಾಟಿದ ಕರುವಿಗೆ ಮೊದಲ ಸಲ ಹಾಕಿಸಿದರೆ ಒಂದು ತಿಂಗಳಿಗೆ ಇನ್ನೊಂದು ಹಾಕಿಸಿ. ಎರಡು ಮೂರು ದಿನ ಹಾಲು ಒಂಚೂರು ಇಳಿಯುತ್ತದೆ ಎಂದು ನಿಮ್ಮ ಬೀದಿಯಲ್ಲಿ ಯಾರಾದರೂ ಬೇಡ ಎಂದರೆ ಗೌರಿಯ ನಾಲಿಗೆಯ ಕಥೆ ಹೇಳಿ.

ಕಲ್ಪತರು ಹೈನುಗಾರ · ಐದು ವಾರಗಳ ನಂತರ, ಗುರುವಾರ, ಬೆಳಿಗ್ಗೆ 7.30

ಇವತ್ತು ಸುತ್ತು ಬಂತು. ಬೀದಿಯವರು ಸೇರಿ ಬೆಳಿಗ್ಗೆ ಆರಕ್ಕೇ ಬರುವಂತೆ ಮೊದಲೇ ಕೇಳಿಕೊಂಡಿದ್ದೆವು. ಮಗಳು ಕಾಲೇಜಿನಿಂದ ತಂದ ಥರ್ಮಾಮೀಟರನ್ನು ಡಬ್ಬಿಯೊಳಗೆ ಇಟ್ಟು ಐದು ನಿಮಿಷ ಮುಚ್ಚಿದಳು. ಬಂದಿದ್ದ ಹುಡುಗ ಬೇಸರ ಮಾಡಿಕೊಳ್ಳಲಿಲ್ಲ, ತಾನೂ ಬಗ್ಗಿ ನೋಡಿದ. ಐದು ಡಿಗ್ರಿ. ಹನ್ನೆರಡು ತುಂಡಿನ ಚೆಂಡಿನ ವಿಷಯವನ್ನು ಮಗಳು ಅವನಿಗೂ ಹೇಳಿದಳು. ಅವನು ಪಕ್ಕದ ಮನೆಗೆ ಹೋಗುವ ಮುಂಚೆ ಮುಚ್ಚಳವನ್ನು ಎರಡು ಸಲ ಒತ್ತಿ ಹಾಕಿಕೊಂಡ.

ಗೌರಿಗೂ ಹಾಕಿಸಿದೆ. ಸಂಜೆ ಮೇವು ತಿಂದಳೋ ಇಲ್ಲವೋ ಎಂದು ಬರೆಯುತ್ತೇನೆ.